ಇಳಸು ಅಂದವರು ಯಾರು

ಸಿದ್ದಾಪುರದ ಕೊಟ್ರಬಸಪ್ಪನ ಮನೆಗೆ ಹಳೆಯ ಪಿಕಪ್ ಗಾಡಿ ಬಂದ ಎಂಟನೆಯ ದಿನಕ್ಕೇ ಜಗಳ ಶುರುವಾಯಿತು. ಗಾಡಿಯದೇನೂ ತಪ್ಪಿಲ್ಲ, ಪಾಪ. ಅದು ಅಂಗಳದ ಬೇವಿನ ಗಿಡದ ಕೆಳಗೆ ತನ್ನ ಪಾಡಿಗೆ ತಾನು ನಿಂತಿತ್ತು. ತಪ್ಪೆಲ್ಲ ಅದರ ಹಿಂಭಾಗದ ಎತ್ತರದ್ದು.

ಗಾಡಿ ತರಿಸಿದವಳು ಸೊಸೆ ಸುರೇಖಾ. ಅತ್ತೆ ಕಳಕಮ್ಮ ಬಡಿಯುವ ಜೋಳದ ರೊಟ್ಟಿಗೆ ಗಂಗಾವತಿಯ ಖಾನಾವಳಿಯಲ್ಲಿ ಇಪ್ಪತ್ತು ವರ್ಷದಿಂದ ಹೆಸರಿತ್ತು. ಆದರೆ ಕೈ ಸುಟ್ಟುಕೊಳ್ಳುವವಳು ಒಬ್ಬಳು, ಹೆಸರು ತೆಗೆದುಕೊಳ್ಳುವವನು ಇನ್ನೊಬ್ಬ ಎಂಬುದು ಸುರೇಖಾಳ ದೂರು.

“ಗಾಡಿ ಮ್ಯಾಲ ಒಲಿ ಇಟಗೊಂಡು ರೈಸ್ ಮಿಲ್ಲಿನ ಗೇಟಿನ ಮುಂದ ನಿಂದ್ರೂಣ್ರಿ ಅತ್ತಿ. ಹಮಾಲರು ಬಿಸಿ ರೊಟ್ಟಿ ಉಣ್ಣಲಿ. ರೊಟ್ಟಿ ಯಾರದು ಅಂತ ನಿಮ್ಮ ಮಾರಿ ನೋಡಿ ತಿಳಕೊಳ್ಳಲಿ” ಎಂದಿದ್ದಳು.

ಕಳಕಮ್ಮನಿಗೆ ಈ ಮಾತು ಸಕ್ಕರೆ ತಿಂದಷ್ಟು ಸಿಹಿಯಾಗಿತ್ತು. ಗಾಡಿ ಓಡಿಸುವುದನ್ನು ಸುರೇಖಾ ತಾನೇ ಕಲಿತು ಲೈಸೆನ್ಸೂ ಮಾಡಿಸಿಕೊಂಡಿದ್ದಳು. ಕಲಿಸಿದವನು ಮಾವ ಕೊಟ್ರಬಸಪ್ಪನೇ. ಮೂವತ್ತೈದು ವರ್ಷ ಲಾರಿ ಓಡಿಸಿದ ಮನುಷ್ಯ. ಸೊಸೆ ಗೇರು ಹಾಕುವಾಗ ಒಂದು ಸಲವೂ ಗದರಲಿಲ್ಲ. ಅದನ್ನು ನೋಡಿ ಕಳಕಮ್ಮ, “ನನಗ ಸೈಕಲ್ಲೂ ಕಲಿಸಲಿಲ್ಲ ಈ ಪುಣ್ಯಾತ್ಮ” ಎಂದು ಊರಿಗೆಲ್ಲ ಹೇಳಿಕೊಂಡು ಬಂದಳು.

ಗಾಡಿಯ ಹಿಂದಿನ ಮಾಲಕ ಭತ್ತ ಹೇರುವವನು. ಭಾರ ತಡೆಯಲೆಂದು ಹಿಂದಿನ ಎರಡೂ ಗಾಲಿಗಳ ಬಳಿ ಒಂದರ ಮೇಲೊಂದು ಕೂತ ಉಕ್ಕಿನ ಸ್ಪ್ರಿಂಗ್ ಪಟ್ಟಿಗಳ, ಅಂದರೆ ಪಾಟಾಗಳ ಜೊತೆಗೆ ಒಂದೊಂದು ದಪ್ಪ ಪಾಟಾ ಹೆಚ್ಚಿಗೆ ಸೇರಿಸಿದ್ದ. ಚೀಲ ಹೇರಿದರೆ ಗಾಡಿ ಸಮ. ಖಾಲಿ ನಿಂತರೆ ಹುಂಜದ ಬಾಲದಂತೆ ಹಿಂಭಾಗ ಮೇಲಕ್ಕೆ. ಆ ಎಂಟನೆಯ ದಿನ ಮೊದಲ ಸಲ ಒಲೆ ಹಚ್ಚಿ ನೋಡಿದಾಗ ಬೇಳೆ ಸಾರು ಪಾತ್ರೆಯ ಒಂದು ಬದಿಗೆ ಸರಿದು ನಿಂತಿತು. ರೊಟ್ಟಿ ಹಂಚು ಅತ್ತ ವಾಲಿತು. ಇನ್ನು ಮೊಣಕಾಲು ಹಿಡಿದ ಕಳಕಮ್ಮನನ್ನು ಮೇಲೆ ಹತ್ತಿಸುವುದೇ ಒಂದು ಪ್ರಸಂಗ. ಕೆಳಗೆ ಸ್ಟೂಲು ಇಟ್ಟು, ಮೇಲಿನಿಂದ ಮಗ ಉಮಾಪತಿ ಎಳೆದ. ಕೆಳಗಿನಿಂದ ಸುರೇಖಾ ನೂಕಿದಳು. ಸ್ಟೂಲು ಅಲುಗಿತು. ಕಳಕಮ್ಮ ಅರ್ಧಕ್ಕೆ ಸಿಕ್ಕಿಕೊಂಡಳು. ಪಕ್ಕದ ಮನೆಯ ಯಮನೂರಮ್ಮ ಕಾಂಪೌಂಡಿನ ಮೇಲಿನಿಂದ ನೋಡಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

“ಇಳಸ್ರ್ಯೋ ನನ್ನ! ನಾ ಏನು ಭತ್ತದ ಚೀಲ ಅಂತ ತಿಳದೀರೇನು?” ಕಳಕಮ್ಮ ಕೆಂಡವಾದಳು. ನೆಲ ಮುಟ್ಟಿದ ಮೇಲೆ ಸೀರೆ ಸರಿಮಾಡಿಕೊಂಡು, “ಈ ಗಾಡಿ ನನ್ನ ಎದಿಮಟ ಐತಿ. ಇದು ಇಳಿಯೂತನಕ ನಾ ಹತ್ತಂಗಿಲ್ಲ. ನೀವ ಬಡಕೋರಿ ರೊಟ್ಟಿ” ಎಂದು ಒಳಗೆ ಹೋದಳು.

ಸುರೇಖಾ ಬಡಿದ ರೊಟ್ಟಿ ಹೇಗಿರುತ್ತದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಆಕೆಯೇ ಮೊದಲು ಒಪ್ಪಿಕೊಳ್ಳುವವಳು.

“ಅದಕ್ಯಾಕ ಇಷ್ಟು ಚಿಂತಿ?” ಉಮಾಪತಿ ಅಂದೇ ಊಟಕ್ಕೆ ಕೂತಾಗ ಹೇಳಿದ. ಅವನು ಮಿಲ್ಲಿನಲ್ಲಿ ಮಷೀನು ನೋಡಿಕೊಳ್ಳುವವನು. ಸ್ಪ್ಯಾನರು ಕೈಗೆ ಸಿಕ್ಕರೆ ತಾನೇ ರಾಜ. “ಆ ಎರಡು ಪಾಟಾ ತಗದ್ರ ಗಾಡಿ ತಾನ ಇಳಿತೈತಿ. ಐತವಾರ ಮನ್ಯಾಗ ಬಿಚ್ಚತೀನಿ. ಒಂದು ತಾಸಿನ ಕೆಲಸ.”

“ಗ್ಯಾರೇಜಿಗೆ ಒಯ್ಯಿ” ಎಂದ ಕೊಟ್ರಬಸಪ್ಪ.

“ಸುಗ್ಗಿ ಐತಿ ಯಪ್ಪಾ. ಗ್ಯಾರೇಜಿನ್ಯಾಗ ಭತ್ತದ ಲಾರಿ ಸಾಲು ಹಚ್ಚ್ಯಾವ. ಹದಿನೈದು ದಿನ ಕೈ ಹಚ್ಚಂಗಿಲ್ಲ ಅಂದಾರ.”

“ಹಂಗಾರ ಹದಿನೈದು ದಿನ ನಿಂದರಲಿ.”

“ಅಷ್ಟೊತ್ತಿಗೆ ಸುಗ್ಗಿ ಮುಗದು ಹಮಾಲರು ಊರಿಗೆ ಹೋಗಿರ್ತಾರ್ರೀ ಮಾವಾರ” ಎಂದಳು ಸುರೇಖಾ, ಸಾರು ಬಡಿಸುತ್ತಾ. ಅದೂ ನಿಜವೇ.

ಕೊಟ್ರಬಸಪ್ಪ ರೊಟ್ಟಿ ಮುರಿಯುತ್ತಾ ತನ್ನ ಎಡಗಾಲನ್ನು ಮಡಚಿ ಒಳಗೆಳೆದುಕೊಂಡ. ಆ ಕಾಲಿಗೆ ಎರಡೇ ಬೆರಳು. ಇಪ್ಪತ್ತೆರಡು ವರ್ಷದ ಹಿಂದೆ ಕುಷ್ಟಗಿ ರಸ್ತೆಯಲ್ಲಿ ಲಾರಿ ಪಂಕ್ಚರ್ ಆಗಿ, ಜಾಕು ಜಾರಿ, ಮೂರು ಬೆರಳು ಅಲ್ಲೇ ಹೋಗಿದ್ದವು. ಮನೆಯಲ್ಲಿ ಆ ಕಥೆಯನ್ನು ಎಲ್ಲರೂ ಕೇಳಿದ್ದರು. ಆದರೆ ಕೇಳಿ ಕೇಳಿ ಹಳತಾದ ಕಥೆಗೆ ಯಾರು ಅಂಜುತ್ತಾರೆ?

ಐತವಾರ ಬೆಳಿಗ್ಗೆ ಕೊಟ್ರಬಸಪ್ಪ ಕಾಯಿಪಲ್ಯ ತರಲು ಹೋದವನು ಚೀಲ ಹಿಡಿದುಕೊಂಡು ವಾಪಸು ಬಂದ. ಗಾಡಿಯ ಕೆಳಗಿನಿಂದ ಮಗನ ಎರಡು ಕಾಲು ಹೊರಗೆ ಚಾಚಿಕೊಂಡಿದ್ದವು. ಗಾಲಿ ಬಿಚ್ಚಿ ಬದಿಗಿಟ್ಟಿತ್ತು. ಜಾಕು ಬರೀ ಮಣ್ಣಿನ ಮೇಲೆ. ಅದರ ಪಕ್ಕ ಆಧಾರಕ್ಕೆಂದು ಐದು ಇಟ್ಟಂಗಿ ಒಂದರ ಮೇಲೊಂದು.

ಚೀಲ ಅವನ ಕೈಯಿಂದ ತಾನೇ ಜಾರಿತು. ಆದರೆ ಅವನು ಕೂಗಲಿಲ್ಲ. ಕೂಗಿದರೆ ಮಗ ಬೆಚ್ಚಿ ತಲೆ ಎತ್ತಿದರೆ ಏನು ಗತಿ? ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ಅವನ ಹಿಮ್ಮಡಿ ಹಿಡಿದ.

“ಉಮಾಪತಿ, ಮೊದಲ ಹೊರಗ ಬಾ. ಆಮ್ಯಾಲ ಬೈತೀನಿ.”

ಉಮಾಪತಿ ಸರಿದು ಹೊರಬಂದ, ಹಣೆಯ ಮೇಲೆ ಗ್ರೀಸು. “ಏನಾತು?”

ಕೊಟ್ರಬಸಪ್ಪ ಎದ್ದು ಗಾಡಿಯ ಬದಿಗೆ ಅಂಗೈ ಇಟ್ಟು ಒಂದು ಸಲ ದೂಡಿದ. ಒಂದೇ ಸಲ. ಗಾಡಿ ಅಲುಗಿತು, ಎರೆಮಣ್ಣಿನಲ್ಲಿ ಜಾಕು ಒಂದು ಬದಿಗೆ ಹೂತುಕೊಂಡಿತು, ಮೇಲಿನ ಇಟ್ಟಂಗಿ ಚಟ್ಟೆಂದು ಎರಡು ಹೋಳಾಯಿತು. ನೋಡುತ್ತ ನಿಂತಿದ್ದ ಮೊಮ್ಮಗಳು ಅಮೃತಾ “ಅಯ್ಯ ಶಿವನ!” ಎಂದು ಹಿಂದೆ ಸರಿದಳು.

“ಅದು ನೀ ದೂಡಿದ್ದಕ್ಕ ಆತು” ಎಂದ ಉಮಾಪತಿ.

“ಹೌದಪಾ, ನಾ ದೂಡಿದೆ. ಬೋಲ್ಟ್ ಬಿಚ್ಚೂ ಮುಂದ ನೀ ಏನು ಅದಕ್ಕ ಮುತ್ತು ಕೊಡ್ತಿದ್ದಿ? ಜಗ್ಗಾಡೂದಿಲ್ಲೇನು? ಘೋಡಿ ಇಲ್ಲದ ನನ್ನ ಅಂಗಳದಾಗ ಯಾರೂ ಗಾಡಿ ಕೆಳಗ ಹೋಗಂಗಿಲ್ಲ. ಯಾರೂ ಅಂದ್ರ ಯಾರೂ!”

ಘೋಡಿಯೆಂದರೆ ಗ್ಯಾರೇಜಿನವರು ಎತ್ತಿದ ಗಾಡಿಯ ಕೆಳಗೆ ಊರುವ ಕಬ್ಬಿಣದ ಮುಕ್ಕಾಲಿ. ಮನೆಯಲ್ಲಿ ಅದೆಲ್ಲಿ ಬರಬೇಕು?

“ಅಂಜುಬುರಕ” ಎಂದು ಗೊಣಗಿದ ಉಮಾಪತಿ. “ನಿನ್ನ ಜಾಕು ಜಾರಿತು ಅಂತ ಊರಿನ ಜಾಕೆಲ್ಲ ಜಾರ್ತಾವೇನು?”

ಕೊಟ್ರಬಸಪ್ಪ ಗಾಲಿ ವಾಪಸು ಹಾಕುವವರೆಗೂ ಅಲ್ಲೇ ನಿಂತಿದ್ದು, ಗಾಲಿಯ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಹೋಗಿ ಜೋಳದ ಡಬ್ಬಿಯೊಳಗೆ ಹೂತಿಟ್ಟ. ಮರುದಿನ ಜೋಳ ಬೀಸಲು ತೆಗೆದ ಕಳಕಮ್ಮನ ಕೈಗೆ ಅದು ಸಿಕ್ಕಿ, ಆಕೆ ಮಾಡಿದ ಗದ್ದಲ ಬೇರೆ.

ಮೂರು ದಿನ ಅಪ್ಪ-ಮಗನ ನಡುವೆ ಮಾತಿಲ್ಲ. ಊಟಕ್ಕೆ ಒಂದೇ ಸಾಲಿನಲ್ಲಿ ಕೂತರೂ ನಡುವೆ ಪಿಯುಸಿ ಓದುವ ಅಮೃತಾಳೇ ಟಪಾಲು.

“ಅಮೃತಾ, ಚಟ್ನಿ ಈ ಕಡೆ ಸರಸು ಅಂತ ನಿಮ್ಮಪ್ಪಗ ಹೇಳು.”

“ಅಮೃತಾ, ಚಟ್ನಿ ತೀರೈತಿ ಅಂತ ನಿಮ್ಮಜ್ಜಗ ಹೇಳು.”

“ಇಬ್ಬರಿಗೂ ಬಾಯಿ ಅದಾವಿಲ್ಲ? ನನಗ ಪರೀಕ್ಷಾ ಐತಿ” ಎಂದು ಅಮೃತಾ ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋದಳು.

ನಾಲ್ಕನೆಯ ದಿನ ಸುರೇಖಾ ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ, ಮಾವನ ಎದುರು ನಿಂತಳು. “ಏಳ್ರಿ ಮಾವಾರ. ಘೋಡಿ ಎಲ್ಲಿ ಸಿಗ್ತಾವ ನಿಮಗ ಗೊತ್ತೈತಿ. ಹೋಗಿ ತರೂಣು. ಜಗಳ ಮಾಡಿ ಗಾಡಿ ಇಳಿಯಂಗಿಲ್ಲ.” ಸೊಸೆಯ ಈ ಗುಣವೇ ಕೊಟ್ರಬಸಪ್ಪನಿಗೆ ಮೆಚ್ಚು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ.

ಗಂಗಾವತಿಯ ದಾದೇಸಾಬನ ಗ್ಯಾರೇಜು ಕೊಟ್ರಬಸಪ್ಪನಿಗೆ ಎರಡನೆಯ ಮನೆ ಇದ್ದ ಹಾಗೆ. ಅವನ ಲಾರಿಯ ಒಂದೊಂದು ಬೋಲ್ಟೂ ದಾದೇಸಾಬನ ಕೈಯಲ್ಲಿ ಆಡಿದ್ದು. ಈಗ ಆತನಿಗೂ ಸೊಂಟನೋವು. ಗಾಡಿಯ ಕೆಳಗೆ ಮಲಗುವುದಾಗದು. ಕುರ್ಚಿಯ ಮೇಲೆ ಕೂತು ಹುಡುಗರಿಗೆ ಹೇಳುವುದಷ್ಟೇ.

“ಸುಗ್ಗ್ಯಾಗ ನನ್ನ ಹುಡುಗರ ಕೈ ಖಾಲಿ ಇಲ್ಲ ಕೊಟ್ರಣ್ಣ. ಇದ್ದಿದ್ರ ನಾನ ಕಳಸ್ತಿದ್ದೆ” ಎಂದು ಆತ ಎರಡು ಘೋಡಿ, ಎಣ್ಣೆಯ ಒತ್ತಡದಿಂದ ಎತ್ತುವ ತನ್ನದೇ ಜಾಕು ಕೊಟ್ಟ. ಸುರೇಖಾಳ ಕಡೆ ತಿರುಗಿ, “ನೋಡವಾ ಬೇಟಿ, ಗಂಡಗ ಹೇಳು. ಜಾಕು ಎತ್ತಾಕ, ಘೋಡಿ ಹೊರಾಕ. ಜಾಕಿನ ಮ್ಯಾಲ ಭರೋಸಾ ಇಟ್ಟು ಕೆಳಗ ಹೋಗಬಾರದು. ಮಣ್ಣಿನ ಮ್ಯಾಲ ಬ್ಯಾಡ, ಫರಸಿ ಹಾಸ್ರಿ. ಮುಂದಿನ ಗಾಲಿಗೆ ಹಿಂದ ಮುಂದ ಕಲ್ಲು ಕೊಡ್ರಿ. ಮ್ಯಾಲ ಒಬ್ಬ ಶಾಣ್ಯಾ ಮನಿಷ್ಯಾ ಇರಬೇಕು” ಎಂದ.

“ಮಾವಾರು ಇರ್ತಾರ್ರೀ.”

“ಹಂಗಾರ ಮುಗೀತು” ಎಂದು ದಾದೇಸಾಬ ಚಹಾ ತರಿಸಿದ.

ಮುಂದಿನ ಐತವಾರ ಅಂಗಳದಲ್ಲಿ ಮದುವೆ ಮನೆಯ ಸಂಭ್ರಮ. ದನದ ಕೊಟ್ಟಿಗೆಯ ನಾಲ್ಕು ಫರಸಿ ಕಲ್ಲು ಕಿತ್ತು ತಂದು ಹಾಸಿದರು. ಮುಂದಿನ ಗಾಲಿಗಳಿಗೆ ಗುಂಡಗಲ್ಲು. ಗೇರು ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕೀಲಿಕೈಯನ್ನು ಸುರೇಖಾ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜಾಕಿನಿಂದ ಎತ್ತಿ ಚಾಸಿಯ ಕೆಳಗೆ ಎರಡೂ ಬದಿಗೆ ಘೋಡಿ ಇಟ್ಟು, ಜಾಕು ಇಳಿಸಿ ಭಾರವನ್ನೆಲ್ಲ ಘೋಡಿಯ ಮೇಲೆ ಕೂರಿಸಿದರು. ಕೊಟ್ರಬಸಪ್ಪ ಮೈಯ ಬಲವೆಲ್ಲ ಹಾಕಿ ಎಷ್ಟು ದೂಡಿದರೂ ಗಾಡಿ ಮಿಸುಕಲಿಲ್ಲ.

“ಈಗ ಹೋಗು” ಎಂದ ಮಗನಿಗೆ. ಏಳು ದಿನಕ್ಕೆ ಮೊದಲ ಸಲ ನೇರ ಮಾತು.

“ಅಪ್ಪಣಿ ಆತಲ್ಲ, ಹೋಗ್ತೀನಿ” ಎಂದು ಉಮಾಪತಿ ನಕ್ಕ.

ಎಡಗಡೆಯ ಬೋಲ್ಟುಗಳು ಬಿಚ್ಚಿದವು. ಆದರೆ ಹೆಚ್ಚಿನ ಪಾಟಾ ಹೊರಬರಲೊಲ್ಲದು. ಸಂದು ಸಾಲದು. “ಯಪ್ಪಾ, ಜಾಕಿನಿಂದ ಎರಡು ಬೆರಳು ಮ್ಯಾಲೆತ್ತು. ನಾ ಅನ್ನೂತನಕ ಹಂಗ ಹಿಡಿ” ಎಂದು ಕೆಳಗಿನಿಂದ ಕೂಗಿದ. ಕೊಟ್ರಬಸಪ್ಪ ಜಾಕು ಒತ್ತಿದ. ಗಾಡಿ ಘೋಡಿಯಿಂದ ಎರಡು ಬೆರಳು ಎದ್ದಿತು. ಈಗ ಭಾರ ಪೂರಾ ಜಾಕಿನ ಮೇಲೆ. ಅವನು ಜಾಕಿನ ಬುಡದ, ಬಿಚ್ಚಿದರೆ ಜಾಕು ಇಳಿಯುವ ಸಣ್ಣ ತಿರುಪಿನ ಮೇಲೆ ಕೈ ಇಟ್ಟುಕೊಂಡು, ಮಗನ ಮಾತಿಗೆ ಕಿವಿಗೊಟ್ಟು ಕೂತ. ಕಿವಿಯೇನೋ ಕೊಟ್ಟ, ಆದರೆ ಮೂವತ್ತೈದು ವರ್ಷ ಇಂಜಿನ್ನಿನ ಪಕ್ಕ ಕೂತು ಮಂದವಾದ ಕಿವಿ ಅದು.

ಅದೇ ಹೊತ್ತಿಗೆ ರಸ್ತೆಯಲ್ಲಿ ಭತ್ತ ಕೊಯ್ಯುವ ಮಷೀನು ಭರ್ರೆಂದು ಹೋಯಿತು. ಅದರ ಸದ್ದಿನ ನಡುವೆ ಕಳಕಮ್ಮನ ಧ್ವನಿ ಬಂತು.

“ಇಳಸು! ಜಲ್ದಿ ಇಳಸು!”

ನಲವತ್ತೊಂದು ವರ್ಷದಿಂದ ಆ ಧ್ವನಿ ಏನು ಹೇಳಿದರೂ ಮೊದಲು ಮಾಡಿ ಆಮೇಲೆ ಯಾಕೆಂದು ಕೇಳಿದ ಗಂಡ ಅವನು. ಕೈ ತಾನೇ ತಿರುಪು ಬಿಚ್ಚಿತು.

ಠಣ್!

ಗಾಡಿ ಎರಡು ಬೆರಳು ಕುಸಿದು ಘೋಡಿಯ ಮೇಲೆ ಕೂತಿತು. ಕೆಳಗಿನಿಂದ ಸದ್ದಿಲ್ಲ. ಮಗನ ಎರಡು ಕಾಲು ಹಾಗೇ ಇದ್ದವು. ಆಮೇಲೆ ಆ ಕಾಲುಗಳು ಅಲುಗಾಡಿ, ಉಮಾಪತಿ ತೆವಳಿಕೊಂಡು ಹೊರಬಂದ. ಮುಖ ಬಿಳಚಿಕೊಂಡಿತ್ತು.

“ಕೈ ಆಗಷ್ಟ ಹೊರಗ ತಗದಿದ್ದೆ ಯಪ್ಪಾ. ಎದಿ ಮಾತ್ರ ಕೆಳಗ ಇತ್ತು.” ಅವನು ತನ್ನ ಎದೆಯನ್ನು ತಾನೇ ಮುಟ್ಟಿ ನೋಡಿಕೊಂಡ. ಆಮೇಲೆ ಕುಗ್ಗಿದ ಜಾಕಿಗೆ ಒಂದು ಒದೆ ಕೊಟ್ಟ. “ಹಾಳಾದ ಜಾಕು, ಎಣ್ಣಿ ಬಿಟ್ಟೈತಿ! ಘೋಡಿ ಇಲ್ಲದಿದ್ರ ನಾ ಇವತ್ತ ಮುಗೀತಿದ್ದೆ. ನೀ ಹೇಳಿದ್ದ ಖರೆ ಆತು ಯಪ್ಪಾ. ನೀನ ಉಳಿಸಿದಿ ನನ್ನ.”

ಕೊಟ್ರಬಸಪ್ಪ ಬಾಯಿ ತೆರೆದ. ಅಷ್ಟರಲ್ಲಿ ಕಳಕಮ್ಮ ಓಡಿ ಬಂದಳು, ಯಮನೂರಮ್ಮ ಓಡಿ ಬಂದಳು, ಸುರೇಖಾ ಗಂಡನ ತೋಳು ಹಿಡಿದು ಅತ್ತಳು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಜನರ ಗದ್ದಲದಲ್ಲಿ ಅವನು ಅಡುಗೆಮನೆಯ ಕಡೆ ನೋಡಿದ. ಒಲೆಯ ಪಕ್ಕ ಕೆಳಗಿಳಿಸಿದ ಹಾಲಿನ ಪಾತ್ರೆ, ಅದರ ಸುತ್ತ ಉಕ್ಕಿ ಚೆಲ್ಲಿದ ಹಾಲು. ಕಳಕಮ್ಮ ಇಳಸು ಎಂದಿದ್ದು ಅಮೃತಾಳಿಗೆ. ಅದೂ ಹಾಲಿಗೆ.

ಭಾರವನ್ನು ಘೋಡಿಯ ಮೇಲೇ ಬಿಟ್ಟು, ಪಾಟಾವನ್ನು ಸುತ್ತಿಗೆಯಿಂದ ಬಡಿದು ಬಡಿದು ಹೇಗೋ ಹೊರತೆಗೆದು, ಎಡಗಡೆಯ ಬೋಲ್ಟುಗಳನ್ನು ಬಿಗಿ ಮಾಡಿದರು. ಬಲಗಡೆಗೆ ಕೈ ಹಚ್ಚಲು ಯಾರಿಗೂ ಧೈರ್ಯವಿರಲಿಲ್ಲ. ಗಾಡಿ ಒಂದು ಬದಿಗೆ ಇಳಿದು, ಇನ್ನೊಂದು ಬದಿಗೆ ಎದ್ದು ನಿಂತಿತು.

“ಥೇಟ್ ನಿಮ್ಮ ನಡಿಗಿ ಆಗೈತಿ ನೋಡ್ರಿ” ಎಂದು ಕಳಕಮ್ಮ ಗಂಡನನ್ನು ಚೇಷ್ಟೆ ಮಾಡಿದಳು. ಮಗ ಉಳಿದ ಸಂತೋಷದಲ್ಲಿ ಆಕೆಗೆ ಎಲ್ಲವೂ ಚೇಷ್ಟೆಯಾಗಿ ಕಾಣುತ್ತಿತ್ತು. ಮಗನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು, ಶೇಂಗಾ ಹೋಳಿಗೆ ಮಾಡಿದಳು, ಗಂಡನ ತಟ್ಟೆಗೆ ತುಪ್ಪ ಸುರಿದಳು. “ಉಣ್ರಿ. ಇವತ್ತ ನೀವ ಈ ಮನಿ ದೇವರು.”

ದೇವರಿಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಸೋಮವಾರ ಉಮಾಪತಿ ಜಾಕನ್ನು ಗಂಗಾವತಿಗೆ ಒಯ್ದು ಕೊಟ್ಟು ಬಂದ. ಸುಮ್ಮನೆ ಕೊಟ್ಟು ಬಂದನೇ? ನಾಲ್ಕು ಗಿರಾಕಿಗಳ ಮುಂದೆ, “ಸೋರೂ ಜಾಕು ಕೊಟ್ಟು ಮಂದಿ ಜೀವ ತಗೀತೀರೇನು?” ಎಂದು ಎಗರಾಡಿ ಬಂದ. ಮಿಲ್ಲಿನಲ್ಲೂ ಅದೇ ಮಾತು. ಹೋಟೆಲಿನಲ್ಲೂ ಅದೇ ಮಾತು. ಪ್ರತಿ ಸಲವೂ ಕೊನೆಗೆ, “ನಮ್ಮಪ್ಪ ಘೋಡಿ ಅಂತ ಹಟ ಹಿಡಿದಿದ್ದಕ್ಕ ಬದುಕೀನಿ” ಎಂದು ಮುಗಿಸುತ್ತಿದ್ದ. ರಸ್ತೆಯಲ್ಲಿ ಎದುರಾದವರು ಕೊಟ್ರಬಸಪ್ಪನಿಗೆ ಕೈ ಮುಗಿಯತೊಡಗಿದರು. ಅವನು ಸಂಜೆ ಕಟ್ಟೆಗೆ ಹೋಗುವುದನ್ನೇ ಬಿಟ್ಟ.

“ಮೈಯಾಗ ಆರಾಮ ಇಲ್ಲೇನ್ರಿ?” ಕಳಕಮ್ಮ ಕೇಳಿದಳು.

“ಛಲೋ ಅದೀನಿ.”

“ಛಲೋ ಇದ್ದವರು ಒಂದ ರೊಟ್ಟಿಗೆ ಏಳ್ತಾರೇನು?”

ಹೇಳಬೇಕೆಂದು ದಿನಕ್ಕೆ ಹತ್ತು ಸಲ ಅಂದುಕೊಂಡ. ಒಂದು ದಿನ ಮಗ ಮಿಲ್ಲಿನಿಂದ ಬಂದು ಕೈಕಾಲು ತೊಳೆಯುವಾಗ ಹತ್ತಿರ ಹೋಗಿಯೂ ನಿಂತ. ಉಮಾಪತಿ ತಿರುಗಿ, “ಏನು ಯಪ್ಪಾ?” ಎಂದು ಎಷ್ಟು ಪ್ರೀತಿಯಿಂದ ಕೇಳಿದನೆಂದರೆ, ಅಂಥ ಧ್ವನಿಯನ್ನು ಆ ಮನೆಯಲ್ಲಿ ಅವನು ಕೇಳಿ ವರ್ಷಗಳಾಗಿದ್ದವು. “ಟವೆಲ್ ತಗೊ” ಎಂದು ಕೊಟ್ಟು ಬಂದುಬಿಟ್ಟ. ಮಗನ ಆ ಪ್ರೀತಿಯ ಧ್ವನಿಯನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ಮನುಷ್ಯನಲ್ಲವೇ?

ಶುಕ್ರವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಬಾಗಿಲ ಮುಂದೆ ಆಟೋ ನಿಂತಿತು. ದಾದೇಸಾಬ ಸೊಂಟ ಹಿಡಿದುಕೊಂಡು ಇಳಿದ. ಕೈಯಲ್ಲಿ ಅದೇ ಜಾಕು.

“ಬರ್ರಿ, ಊಟಕ್ಕ ಕೂಡ್ರಿ” ಎಂದಳು ಸುರೇಖಾ.

“ಊಟ ಆಮ್ಯಾಲ ಬೇಟಿ.” ಆತ ಜಾಕನ್ನು ಪಡಸಾಲೆಯ ನಡುವೆ ಇಟ್ಟ. “ಉಮಾಪತಿ, ಇದರ ಮ್ಯಾಲ ನಾ ಮೂರು ದಿನ ಲಾರಿ ಎತ್ತಿ ಇಟ್ಟಿದ್ದೆ. ಒಂದು ನೂಲಿನಷ್ಟು ಇಳದಿಲ್ಲ. ಬಿಚ್ಚಿ ನೋಡಿದೆ, ಒಂದು ಹನಿ ಸೋರಿಲ್ಲ. ನಲವತ್ತು ವರ್ಷದಾಗ ನನ್ನ ಸಾಮಾನಿನಿಂದ ಒಬ್ಬನ ಉಗುರೂ ಹೋಗಿಲ್ಲಪಾ. ಈಗ ಗಿರಾಕಿ ಬಂದು, ‘ಸಾಬರ, ನಿಮ್ಮ ಜಾಕು ಸೋರ್ತೈತಂತಲ್ಲ’ ಅಂತಾರ. ನಾ ಏನು ಹೇಳಲಿ?”

“ಹಂಗಾರ ಗಾಡಿ ತಾನ ಬಿತ್ತೇನು?” ಉಮಾಪತಿಯ ಧ್ವನಿ ಏರಿತು. “ಕೆಳಗ ಮಲಗಿದ್ದಾವ ನಾನು! ನಿಮ್ಮ ಹೆಸರು ಉಳಿಸ್ಕೊಳ್ಳಾಕ...”

“ಉಮಾಪತಿ, ಸುಮ್ಕಿರು.” ಕೊಟ್ರಬಸಪ್ಪ ತಟ್ಟೆಯನ್ನು ಮುಂದಕ್ಕೆ ಸರಿಸಿದ. ಕೈಯಲ್ಲಿದ್ದ ತುತ್ತು ತಟ್ಟೆಯಲ್ಲೇ ಬಿತ್ತು. “ಜಾಕು ಛಲೋ ಐತಿ. ತಿರುಪು ನಾನ ಬಿಚ್ಚಿದೆ.”

ಉಮಾಪತಿ ಅಪ್ಪನ ಕಡೆ ತಿರುಗಿದ.

“ನಿಮ್ಮವ್ವ ಇಳಸು ಅಂದ್ಲು. ನೀ ಹೇಳಿಕಳಸೀ ಅಂತ ತಿಳದೆ. ಬಿಚ್ಚಿಬಿಟ್ಟೆ. ಆಮ್ಯಾಲ ನೀ ಹೊರಗ ಬಂದು ನೀನ ಉಳಿಸಿದಿ ಅಂದಿ. ನನಗ ಬಾಯಿ ಬರಲಿಲ್ಲ.”

“ನಾ ಹಾಲಿಗೆ ಅಂದಿದ್ನಲ್ರೀ!” ಕಳಕಮ್ಮ ಎದೆ ಹಿಡಿದುಕೊಂಡಳು. “ಹಾಲು ಉಕ್ಕಾಕತ್ತಿತ್ತು, ಈ ಹುಡುಗಿ ಫೋನಿನ್ಯಾಗ ಇದ್ಲು...”

“ಗೊತ್ತು. ಆಮ್ಯಾಲ ಗೊತ್ತಾತು.” ಕೊಟ್ರಬಸಪ್ಪ ಮಗನ ಕಡೆ ನೋಡಲಿಲ್ಲ, ತನ್ನ ಎಡಗಾಲನ್ನೇ ನೋಡುತ್ತಿದ್ದ. “ಇನ್ನೊಂದು ಹೇಳಿಬಿಡ್ತೀನಿ. ಕುಷ್ಟಗಿ ರಸ್ತಾದಾಗೂ ಜಾಕು ಜಾರಿರಲಿಲ್ಲ. ಕ್ಲೀನರ್ ಹುಡುಗ ಕಲ್ಲು ಕೊಡ್ತೀನಿ ತಡೀರಿ ಅಂದ. ನಾನ ಬ್ಯಾಡಂದೆ, ಹೊತ್ತಾಗ್ತೈತಿ ಅಂದೆ. ಕಲ್ಲಿಲ್ಲದ ಗಾಲಿ ಉರುಳಿ ಲಾರಿ ಕಾಲ ಮ್ಯಾಲ ಬಂತು. ಇಪ್ಪತ್ತೆರಡು ವರ್ಷ ನನ್ನ ತಪ್ಪು ಜಾಕಿನ ಮ್ಯಾಲ ಹಾಕ್ಕೊಂತ ಬಂದೀನಿ. ಈ ಸಲ ದಾದೇಸಾಬನ ಜಾಕಿನ ಮ್ಯಾಲ ಹಾಕಾಕ ಆಗಂಗಿಲ್ಲ.”

ಉಮಾಪತಿ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಬಾಗಿಲವರೆಗೆ ಹೋಗಿ ತಿರುಗಿದ. “ಐದು ದಿನ ಯಪ್ಪಾ! ಐದು ದಿನ ನಾ ಊರಾಗ ಈ ಹಿರ್ಯಾರ ಮಾನ ತಕ್ಕೊಂತ ತಿರಗೀನಿ. ನೀ ಕೇಳಕೊಂತ ಕುಂತಿದ್ದಿ!” ಅಷ್ಟು ಹೇಳಿ ಹೊರಗೆ ಹೋದ.

ದಾದೇಸಾಬ ಮೆಲ್ಲಗೆ ಕೊಟ್ರಬಸಪ್ಪನ ಪಕ್ಕ ಕೂತ. “ಬೇಟಿ, ಈಗ ಹಾಕು ರೊಟ್ಟಿ. ಹಸಿವಾಗೈತಿ” ಎಂದ. ಒಂದು ತುತ್ತು ನುಂಗಿ, “ಕೊಟ್ರಣ್ಣ, ಹೇಳದಿದ್ರೂ ನಾ ಮತ್ತ ಮನಿಗೆ ಬರ್ತಿದ್ದೆ. ಆದ್ರ ಈ ರೊಟ್ಟಿ ಇಷ್ಟು ಸೇರ್ತಿರಲಿಲ್ಲ” ಎಂದ. ಕೊಟ್ರಬಸಪ್ಪ ಟವೆಲಿನಿಂದ ಕಣ್ಣು ಒರೆಸಿಕೊಂಡ. ಐದು ದಿನದ ಮೇಲೆ ಅವನು ಅಂದು ಎರಡು ರೊಟ್ಟಿ ಉಂಡ.

ಕಳಕಮ್ಮ ಮಾತ್ರ ಸಂಜೆತನಕ ತನ್ನನ್ನೇ ಬೈದುಕೊಂಡಳು, ಆಮೇಲೆ ಅಮೃತಾಳನ್ನು ಬೈದಳು, ಆಮೇಲೆ ಅಮೃತಾಳ ಫೋನನ್ನು ಬೈದಳು. ಸುರೇಖಾ ಜೋಳದ ಹಿಟ್ಟು ಜರಡಿ ಹಿಡಿಯುತ್ತಾ, “ಸಾಕ್ರಿ ಅತ್ತಿ. ಇನ್ನ ಗಾಡಿ ಕೆಲಸ ಇದ್ದಾಗ ಒಲಿ ಹಚ್ಚೂದ ಬ್ಯಾಡ. ಉಪವಾಸ ಇದ್ರಾತು” ಎಂದಳು.

ಮರುದಿನ ಉಮಾಪತಿ ಯಾರಿಗೂ ಹೇಳದೆ ಗಂಗಾವತಿಗೆ ಹೋದ. ಗ್ಯಾರೇಜಿನ ಮುಂದೆ, ಹೋಟೆಲಿನಲ್ಲಿ, ಮಿಲ್ಲಿನ ಗೇಟಿನಲ್ಲಿ, ಎಲ್ಲೆಲ್ಲಿ ಎಗರಾಡಿದ್ದನೋ ಅಲ್ಲಲ್ಲಿ ನಿಂತು, “ಜಾಕು ಛಲೋ ಇತ್ರಿ, ತಪ್ಪು ನಮ್ಮ ಮನಿದು” ಎಂದು ಹೇಳಿ ಬಂದ. ಅಪ್ಪನದು ಎನ್ನಲಿಲ್ಲ. ಆ ಮಾತು ಯಮನೂರಮ್ಮನ ಬಾಯಿಂದ ಕೊಟ್ರಬಸಪ್ಪನ ಕಿವಿಗೆ ಬಿತ್ತು. ಆದರೆ ಮಗ ಮನೆಯಲ್ಲಿ ಅವನ ಜೊತೆ ಮಾತಾಡಲಿಲ್ಲ.

ಐತವಾರ ಬಂತು. ಉಮಾಪತಿ ಬಲಗಡೆ ಫರಸಿ ಹಾಸಿದ, ಕಲ್ಲು ಕೊಟ್ಟ, ಗಾಲಿಯ ನಟ್ಟು ಸಡಿಲಿಸಿದ. ಕೊಟ್ರಬಸಪ್ಪ ಪಡಸಾಲೆಯಲ್ಲೇ ಕೂತಿದ್ದ. ಮಿಲ್ಲಿನಿಂದ ಯಾರನ್ನೋ ಕರೆಸಿರಬೇಕು ಎಂದುಕೊಂಡು ರಸ್ತೆಯ ಕಡೆ ನೋಡುತ್ತಿದ್ದ. ಯಾರೂ ಬರಲಿಲ್ಲ. ಉಮಾಪತಿಯೇ ಬಂದು ಮುಂದೆ ನಿಂತ.

“ಏಳು ಯಪ್ಪಾ. ಜಾಕು ಹಿಡಿ.”

“ನಾ ಒಲ್ಲೆ. ಮಿಲ್ಲಿನ ಹುಡುಗರಿಗೆ ಹೇಳು. ನನ್ನ ಕಿವಿ ನಂಬಬ್ಯಾಡ.”

“ಮಿಲ್ಲಿನ ಹುಡುಗ ತಪ್ಪು ಮಾಡಿದ್ರ ಬಾಯಿ ಬಿಟ್ಟು ಹೇಳ್ತಾನೇನು? ನೀ ಹೇಳಿದಿ.” ಉಮಾಪತಿ ಕೈ ಚಾಚಿದ. “ಕಿವಿ ಬ್ಯಾಡ. ನಾನ ಹೊರಗ ಬಂದು, ನಿನ್ನ ಮುಂದ ನಿಂತು ಹೇಳೂತನಕ ತಿರುಪು ಮುಟ್ಟಬ್ಯಾಡ. ನಾ ಕೆಳಗ ಇದ್ದಾಗ ಭಾರ ಘೋಡಿ ಮ್ಯಾಲನ ಇರಲಿ. ಸಂದು ಸಾಲದಿದ್ರ ಹೊರಗ ಬಂದ ಎತ್ತೂಣು. ಏಳು.”

ಕೊಟ್ರಬಸಪ್ಪ ಎದ್ದ. ಮಗನ ಕೈ ಹಿಡಿದು ಎದ್ದ.

ಕಳಕಮ್ಮ ಗ್ಯಾಸು ಆರಿಸಿ ಬಂದು ಅಂಗಳದ ಕಲ್ಲಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಳು. ಯಮನೂರಮ್ಮ ಕಾಂಪೌಂಡಿನಾಚೆಯಿಂದ, “ಏನ್ ನಡದೈತಿ ಕಳಕಮ್ಮ?” ಎಂದರೆ ಕೈಸನ್ನೆಯಲ್ಲೇ ಸುಮ್ಮನಿರು ಎಂದಳು. ಅಮೃತಾ ಫೋನನ್ನು ಒಳಗೇ ಬಿಟ್ಟು ಬಂದಿದ್ದಳು. ಸುರೇಖಾ ಬೋಲ್ಟು ಎತ್ತಿಕೊಡುತ್ತಿದ್ದಳು. ಪೂರಾ ಒಂದು ತಾಸು ಕಳಕಮ್ಮ ಒಂದು ಅಕ್ಷರ ಆಡಲಿಲ್ಲ. ಆ ಮನೆಯಲ್ಲಿ ಅಂಥದ್ದು ಹಿಂದೆ ಆಗಿರಲಿಲ್ಲ. ಪಾಪ, ಆಕೆಯ ಮುಖ ಕೆಂಪಗಾಗಿತ್ತು.

ಪಾಟಾ ಹೊರಬಂತು. ಬೋಲ್ಟು ಬಿಗಿಯಾಯಿತು. ಗಾಲಿ ಕೂತಿತು. ಜಾಕಿನಿಂದ ಎತ್ತಿ, ಘೋಡಿಗಳನ್ನು ಒಂದೊಂದಾಗಿ ಸರಿಸಿದರು. ಉಮಾಪತಿ ಮಣ್ಣು ಕೊಡವಿಕೊಂಡು ಬಂದು ಅಪ್ಪನ ಎದುರು ನಿಂತು, ಅವನ ಭುಜದ ಮೇಲೆ ಕೈಯಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ.

“ಯಪ್ಪಾ, ಈಗ ಇಳಸು.”

ಕೊಟ್ರಬಸಪ್ಪ ತಿರುಪು ಮುಟ್ಟಲಿಲ್ಲ. ಮೊದಲು ಬಗ್ಗಿ ಗಾಡಿಯ ಕೆಳಗೆ ಈ ಕೊನೆಯಿಂದ ಆ ಕೊನೆಯವರೆಗೆ ನೋಡಿದ. ಆಮೇಲೆ ತಲೆ ಎತ್ತಿ ಬೆರಳು ಮಡಚುತ್ತಾ ಎಣಿಸಿದ. ಕಳಕಮ್ಮ. ಸುರೇಖಾ. ಅಮೃತಾ. ಉಮಾಪತಿ.

“ನಾಕು” ಎಂದ ಗಟ್ಟಿಯಾಗಿ.

ಇನ್ನೊಮ್ಮೆ ಎಣಿಸಿದ. ನಾಲ್ಕೂ ಮಂದಿ ಹೊರಗಿದ್ದರು. ಆಮೇಲೆ ತಿರುಪಿಗೆ ಕೈ ಹಾಕಿದ.